ನಲವತ್ತು ಅಡಿ ಸ್ಲ್ಯಾಬು

ಆ ಸ್ಲ್ಯಾಬು ನಲವತ್ತು ಅಡಿ ಉದ್ದ. ಚನಿಯ ಅದನ್ನು ಹೊಟ್ಟೆಯ ಮೇಲೆ ತೆವಳಿ ಅಳೆದಿದ್ದ.

ಮೂರು ವರ್ಷದ ಹಿಂದಿನ ಮಾತು. ಮಳೆಗಾಲಕ್ಕೆ ಮೊದಲು ಕೊಡಿಯಾಲ್‌ಬೈಲಿನ ತೋಡುಗಳ, ಎಂದರೆ ಮಳೆನೀರಿನ ದೊಡ್ಡ ಚರಂಡಿಗಳ, ಹೂಳು ತೆಗೆಯುವ ಕೆಲಸ ನಡೆಯುತ್ತಿತ್ತು. ಅಲ್ಲೊಂದು ಹತ್ತು ಮಾಳಿಗೆಯ ಅಪಾರ್ಟ್‌ಮೆಂಟು. ಅದರ ಎದುರಿನ ತೋಡಿಗೆ ಅಪಾರ್ಟ್‌ಮೆಂಟಿನವರು ಕಾಂಕ್ರೀಟು ಹಾಸಿದ್ದರು. ಅದರ ಮೇಲೆ ಕೆಂಪು ಕಲ್ಲುಹಾಸಿನ ಇಂಟರ್‌ಲಾಕು. ಅದರ ಮೇಲೆ ಏಳು ಕಾರು. ತೆರೆಯಲು ಒಂದು ಮುಚ್ಚಳವನ್ನೂ ಬಿಟ್ಟಿರಲಿಲ್ಲ. ಕೆಳಗೆ ಹೂಳು ಏರಿ ಏರಿ, ಹೂಳಿಗೂ ಕಾಂಕ್ರೀಟಿಗೂ ನಡುವೆ ಒಂದೂವರೆ ಅಡಿ ಜಾಗ ಉಳಿದಿತ್ತು.

“ತೆಳ್ಳಗಿನವ ಯಾರುಂಟು?” ಎಂದು ಸೂಪರ್‌ವೈಸರ್ ಶೈಲೇಶ್ ಕೇಳಿದ.

ಚನಿಯ ತೆಳ್ಳಗಿದ್ದ. ಅಂಗಿ ಬಿಚ್ಚಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಹಗ್ಗದ ಇನ್ನೊಂದು ತುದಿ ಜೊತೆಗೇ ಕೆಲಸ ಮಾಡುವ ಅವನ ಹೆಂಡತಿ ಮುದ್ದುವಿನ ಕೈಯಲ್ಲಿತ್ತು. ಒಳಗೆ ಹೋದವನ ಹಗ್ಗವನ್ನು ಮನೆಯವರೇ ಹಿಡಿಯುವುದು ರೂಢಿ. ಬೇರೆಯವರ ಕೈಗೆ ಕೊಟ್ಟರೆ ಅವರು ಬೀಡಿ ಹಚ್ಚಲು ಹೋದಾರು. ಎರಡು ಗಂಟೆ ಮುದ್ದು ಹಗ್ಗ ಹಿಡಿದು ನಿಂತಳು. ಹಗ್ಗ ಅಲುಗಿದಾಗಲೆಲ್ಲ ಉಸಿರು ಬಿಟ್ಟಳು. ಅಲುಗದಿದ್ದಾಗ “ಓ” ಎಂದು ಕೂಗಿದಳು. ಒಳಗಿನಿಂದ ಅವನೂ “ಓ” ಎನ್ನುತ್ತಿದ್ದ. ಕೊನೆ ಕೊನೆಗೆ ಆ ಸದ್ದು ಮನುಷ್ಯರದ್ದು ಎಂದು ಅನ್ನಿಸುತ್ತಿರಲಿಲ್ಲ.

ಅವನು ಹೊರಗೆ ಬಂದಾಗ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಕಾಂಕ್ರೀಟಿನಿಂದ ಹೊರಚಾಚಿದ ಕಬ್ಬಿಣದ ಸರಳುಗಳು ಬೆನ್ನನ್ನು ಉದ್ದಕ್ಕೂ ಸೀಳಿದ್ದವು. ಆರನೆಯ ದಿನ ಜ್ವರ ಬಂತು. ಎಂಟನೆಯ ದಿನ ಕಣ್ಣು ಹಳದಿಯಾಯಿತು. ಹನ್ನೊಂದನೆಯ ದಿನ ಸತ್ತ. ಇಲಿಜ್ವರ ಎಂದರು ಡಾಕ್ಟರು. ಹೊಲಸು ನೀರು ಗಾಯದೊಳಗೆ ಇಳಿದಿತ್ತು.

ಮುದ್ದು ನಗರಪಾಲಿಕೆಯ ಆಫೀಸಿಗೆ ಹೋದಳು. ನನ್ನ ಗಂಡ ಕೆಲಸದಲ್ಲಿದ್ದಾಗ ಗಾಯ ಆದದ್ದು, ಸ್ಲ್ಯಾಬಿನ ಅಡಿಗೆ ಕಳಿಸಿದ್ದು ನೀವು, ಎಂದಳು. ಮೇಜಿನ ಆಚೆ ಕೂತವರು ಕೇಳಿದರು: “ಕಳಿಸಿದ್ದು ಅಂತ ಬರೆದದ್ದು ಎಲ್ಲುಂಟು?” ಕಂಟ್ರಾಕ್ಟರನ ಹಾಜರಿ ಪುಸ್ತಕ ತರಿಸಿದರು. ಆ ದಿನದ ಸಾಲಿನಲ್ಲಿ ಚನಿಯನ ಹೆಸರಿನ ಎದುರು ಬಿಳಿ ಬಣ್ಣ ಬಳಿದಿತ್ತು. ಬಣ್ಣ ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ‘ರಜೆ’ ಎಂದು ಬರೆದಿತ್ತು. ಮುದ್ದು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಆ ಎರಡು ಅಕ್ಷರ ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಅದೇ ಪುಸ್ತಕಕ್ಕೆ, ಹೆಬ್ಬೆಟ್ಟು ಒತ್ತದೆ, ತನ್ನ ಸಹಿ ಹಾಕಿ ಎಂದಿನ ಕೆಲಸಕ್ಕೆ ಹೋದಳು. ಮಗಳು ಭವ್ಯಶ್ರೀ ಆಗ ಪಿಯುಸಿಯಲ್ಲಿದ್ದಳು. ಹೋಗದೆ ದಾರಿ ಇರಲಿಲ್ಲ.

ಮುದ್ದುವಿನ ಮನೆ ಇರುವುದು ತೋಡಬರಿ ಕಾಲನಿಯಲ್ಲಿ, ಅದೇ ಅಪಾರ್ಟ್‌ಮೆಂಟಿನಿಂದ ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ. ಪೇಟೆಯಲ್ಲಿ ಈಗ ಯಾರೂ ಜಾತಿ ಕೇಳುವುದಿಲ್ಲ. “ಕಾಲನಿಯವರಾ?” ಎಂದು ಕೇಳುತ್ತಾರೆ. ಹೌದು ಎಂದರೆ ಸಾಕು, ಕೇಳಬೇಕಾದದ್ದನ್ನೆಲ್ಲ ಕೇಳಿ ಆಗಿರುತ್ತದೆ. ಸ್ಲ್ಯಾಬಿನ ಬಾಯಿ ಕಟ್ಟಿದರೆ ತೋಡಿನ ನೀರು ರಸ್ತೆಗೆ ಹಾರುತ್ತದೆ. ರಸ್ತೆಯಿಂದ ಇಳಿಜಾರು ಹಿಡಿದು ಸೀದಾ ಕಾಲನಿಗೆ ಬರುತ್ತದೆ. ಪ್ರತಿ ಜೂನ್ ತಿಂಗಳಲ್ಲಿ ಕಾಲನಿಯ ಇಪ್ಪತ್ತೆರಡು ಮನೆಗಳಲ್ಲಿ ಮೇಲಿನವರ ಹೊಲಸು ತೇಲುತ್ತದೆ. ಊರಿನ ತೋಡು ಬಿಡಿಸುವವರ ಮನೆಗೇ ಊರಿನ ತೋಡು ನುಗ್ಗುತ್ತದೆ.

ಈ ವರ್ಷ ಮೇ ತಿಂಗಳು ಮುಗಿಯುವ ಮೊದಲೇ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ಇನ್ನೆರಡು ದಿನದಲ್ಲಿ ಕರಾವಳಿಯ ಬದಿಯಿಂದ ಹಾದುಹೋಗುತ್ತದೆ ಎಂದು ಟಿವಿಯವರು ಹೇಳಿದರು. ಉಳ್ಳಾಲದಲ್ಲಿ ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಮರಗಳಿಗೆ ಕಟ್ಟಿದರು. ಕರೆಂಟಿನವರು ತಂತಿಗೆ ತಾಗುವ ಕೊಂಬೆಗಳನ್ನು ಕಡಿದು ರಸ್ತೆಬದಿಗೆ ಹಾಕಿದರು. ಜನ ತಂಗಲೆಂದು ಶಾಲೆಗಳನ್ನು ತೆರೆದು ಬೆಂಚು ಬದಿಗೆ ಸರಿಸಿದರು. ಆಫೀಸಿನ ಅಂಗಳದಲ್ಲಿ ದೊಡ್ಡ ಮೀಟಿಂಗು ನಡೆಯಿತು. ತೋಡು ಬಿಡಿಸುವ ಎಂಟು ಜನರಿಗೂ ಗ್ಲೌಸು, ಬೂಟು, ಹಳದಿ ಕೋಟು ತೊಡಿಸಿ ಸಾಲಾಗಿ ನಿಲ್ಲಿಸಿದರು. ಫೋಟೋ ಹೊಡೆದರು. ಫೋಟೋ ಆದ ಮೇಲೆ ಶೈಲೇಶ್ ಗೋಣಿ ತಂದು, “ಎಲ್ಲ ಇದಕ್ಕೆ ಹಾಕಿ” ಎಂದ. ಮುದ್ದು ಬೂಟು ಕಳಚಿ ಗೋಣಿಗೆ ಹಾಕಿ ಬರಿಗಾಲಿನಲ್ಲಿ ಮನೆಗೆ ಬಂದಳು.

ಮನೆಯಲ್ಲಿ ಭವ್ಯಶ್ರೀ ತಯಾರಿ ಶುರು ಮಾಡಿದ್ದಳು. ಅವಳಿಗೀಗ ಮೆಡಿಕಲ್ ಶಾಪಿನಲ್ಲಿ ಕೆಲಸ. ಮಾಡಿನ ಶೀಟು ಹಾರದ ಹಾಗೆ ನೈಲಾನ್ ಹಗ್ಗ ಎಳೆದು ಕಟ್ಟಿ, ಮೇಲೆ ಎರಡು ಹಳೆ ಟಯರು ಹೇರಿದ್ದಳು. ಅಕ್ಕಿಯ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದಳು. ರೇಷನ್ ಕಾರ್ಡು, ಆಧಾರು, ಅಪ್ಪನ ಮರಣಪತ್ರ ಮೂರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗೋಡೆಯ ಮೇಲಿನ ಮೊಳೆಗೆ ತೂಗುಹಾಕಿದ್ದಳು.

“ಅಮ್ಮ, ನಾಳೆ ಎಲ್ಲಿ ಕೆಲಸ?”

“ಆ ಅಪಾರ್ಟ್‌ಮೆಂಟಿನ ಎದುರು.”

ಭವ್ಯಶ್ರೀ ಕಟ್ಟುತ್ತಿದ್ದ ಗಂಟನ್ನು ಅರ್ಧಕ್ಕೆ ಬಿಟ್ಟು ತಾಯಿಯ ಮುಖ ನೋಡಿದಳು. ಮತ್ತೆ ಗಂಟನ್ನು ಎಳೆದು ಬಿಗಿದಳು.

ಮರುದಿನ ಬೆಳಿಗ್ಗೆ ಟೆಂಪೋ ಎಂಟು ಜನರನ್ನು ಅಪಾರ್ಟ್‌ಮೆಂಟಿನ ಎದುರು ಇಳಿಸಿತು. ಹಿಂದಿನಿಂದ ಜೆಸಿಬಿ ಬಂತು. ಆಕಾಶ ತಗ್ಗಿ ಕೂತಿತ್ತು. ಗಾಳಿ ಇರಲಿಲ್ಲ. ಮೈಯೆಲ್ಲ ಅಂಟು ಅಂಟು. ಅಪಾರ್ಟ್‌ಮೆಂಟಿನ ಗೇಟಿಗೆ ನೋಟೀಸು ಅಂಟಿಸಿದ್ದರು. ಮುದ್ದು ನಿಂತು ಓದಿದಳು. ಬಾಲ್ಕನಿಯ ಹೂಕುಂಡಗಳನ್ನು ಒಳಗಿಡಿ. ಇನ್ವರ್ಟರ್ ನೋಡಿಕೊಳ್ಳಿ. ಟ್ಯಾಂಕ್ ತುಂಬಿಸಲಾಗಿದೆ. ಜನರೇಟರಿಗೆ ಮೂರು ದಿನದ ಡೀಸೆಲ್ ಉಂಟು. ಯಾರೂ ಗಾಬರಿಪಡಬೇಕಾಗಿಲ್ಲ.

ಹನ್ನೊಂದು ಗಂಟೆಯವರೆಗೆ ಸ್ಲ್ಯಾಬಿನ ಈಚೆಯ ಮತ್ತು ಆಚೆಯ ತೆರೆದ ತೋಡಿನ ಕೆಲಸ ನಡೆಯಿತು. ಜೆಸಿಬಿ ಮೇಲಿನ ಹೂಳು ಎತ್ತಿತು. ಅದರ ಬಕೆಟ್ಟು ಇಳಿಯದ ಕಡೆ ಇವರು ಇಳಿದರು. ಮೊಣಕಾಲಿನ ತನಕ ಕೆಸರು. ಬಾಟಲಿ, ಡಯಪರು, ಮೀನಿನ ತಲೆ, ಒಡೆದ ಕಮೋಡಿನ ಚೂರು. ಬುಟ್ಟಿ ತುಂಬಿ ಮೇಲಕ್ಕೆ ಕೊಡುವಾಗ ಹೊಲಸು ಸೋರಿ ತಲೆಯ ಮೇಲೆ, ಕತ್ತಿಗೆ, ರವಿಕೆಯೊಳಗೆ ಇಳಿಯಿತು. ಮುದ್ದುವಿಗೆ ನಲವತ್ತೆಂಟು ವರ್ಷ. ಇಪ್ಪತ್ತೆರಡು ವರ್ಷದಿಂದ ಈ ವಾಸನೆ ಅವಳ ಜೊತೆಗಿದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರುತ್ತದೆ.

ವಾಚ್‌ಮ್ಯಾನ್ ಚಹಾ ತಂದ. ಕಾಗದದ ಕಪ್ಪು. ಹಿಂದೆ ಇವರಿಗೆಂದೇ ಬೇರೆ ಗ್ಲಾಸು ಇಡಬೇಕಾಗಿತ್ತು. ಕಾಗದದ ಕಪ್ಪು ಬಂದ ಮೇಲೆ ಆ ಕಷ್ಟ ಯಾರಿಗೂ ಇಲ್ಲ.

ಚಹಾ ಮುಗಿಯುವಾಗ ಶೈಲೇಶ್ ಬೈಕಿನಿಂದ ಇಳಿದ. ಮೂವತ್ತೆರಡರ ಹುಡುಗ. ಮುದ್ದು ಅವನನ್ನು ‘ಶೈಲೇಶಣ್ಣ’ ಎನ್ನುತ್ತಾಳೆ. ತನಗಿಂತ ಹದಿನಾರು ವರ್ಷ ದೊಡ್ಡವಳನ್ನು ಅವನು ‘ನೀನು’ ಎನ್ನುತ್ತಾನೆ. ಅವನ ಕೈಯಲ್ಲಿ ಹಗ್ಗದ ಸುರುಳಿ ಇತ್ತು. ಅದನ್ನು ಮುದ್ದುವಿನ ಕಾಲಬುಡಕ್ಕೆ ಎಸೆದ.

“ಐದು ಗಂಟೆಯ ಒಳಗೆ ಕ್ಲಿಯರ್ ಆಗ್ಬೇಕು. ರೆಡ್ ಅಲರ್ಟ್ ಕೊಟ್ಟಾಗಿದೆ. ಮುದ್ದು, ನೀನೇ ಇದ್ದದ್ರಲ್ಲಿ ತೆಳ್ಳಗೆ. ಒಳಗೆ ಹೋಗು. ಚೆನ್ನಪ್ಪ ಹಗ್ಗ ಹಿಡೀತಾನೆ.”

ಮುದ್ದು ಹಗ್ಗ ನೋಡಿದಳು. ಹೊಸ ಹಗ್ಗ. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

“ಹೋಗುದಿಲ್ಲ,” ಎಂದಳು.

“ಎಂತ?”

“ಹೋಗುದಿಲ್ಲ ಅಂದೆ.”

ಉಳಿದ ಏಳು ಜನ ಚಹಾದ ಕಪ್ಪು ಹಿಡಿದುಕೊಂಡೇ ಅವಳನ್ನು ನೋಡಿದರು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಯಾರ ಬಾಯಿಂದಲೂ ಕೇಳಿರಲಿಲ್ಲ. ಹೇಳಿದ ಮೇಲೆ ಮುದ್ದುವಿಗೂ ತನ್ನ ಸ್ವರ ಹೊಸದೆನ್ನಿಸಿತು.

“ತಲೆ ಸಮ ಉಂಟಾ ನಿನಗೆ? ನಾಳೆ ಸೈಕ್ಲೋನು. ತಮಾಷೆ ಮಾಡುವ ಹೊತ್ತಾ ಇದು?”

“ಸ್ಲ್ಯಾಬ್ ಒಡೆಯಿರಿ. ಜೆಸಿಬಿ ಉಂಟಲ್ಲ. ಒಡೆದರೆ ಹೂಳು ತೆಗೆದು ಕೊಡ್ತೇನೆ.”

ಅಷ್ಟರಲ್ಲಿ ಗೇಟಿನಿಂದ ಕೃಷ್ಣರಾಜ ರಾಯರು ಬಂದರು. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನ ಅಧ್ಯಕ್ಷರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಿಳಿ ಪಂಚೆ, ಕೈಯಲ್ಲಿ ಮಡಿಸಿದ ಕೊಡೆ. ಯಾರಿಗೂ ಜೋರು ಮಾಡಿದವರಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮೆಲ್ಲಗೆ ಮಾತಾಡಿದರು.

“ಸ್ಲ್ಯಾಬ್ ಒಡೆಯುವುದು ಅಂದರೆ ಸುಮ್ಮನೆ ಅಲ್ಲಮ್ಮ. ಅರುವತ್ತನಾಲ್ಕು ಫ್ಲ್ಯಾಟು ಉಂಟು. ಮೀಟಿಂಗ್ ಕರೀಬೇಕು, ಎಲ್ಲರ ಒಪ್ಪಿಗೆ ಬೇಕು. ಕಾರುಗಳನ್ನು ಎಲ್ಲಿಗೆ ಕೊಂಡು ಹೋಗುವುದು?” ಶೈಲೇಶನ ಕಡೆ ತಿರುಗಿದರು. “ಮೂರು ವರ್ಷದ ಹಿಂದೆ ಒಬ್ಬ ಒಳಗೆ ಹೋಗಿ ಕ್ಲೀನ್ ಮಾಡಿದ್ದನಲ್ಲ, ಸಪೂರದವ. ಬಹಳ ಚೆನ್ನಾಗಿ ಮಾಡಿದ್ದ. ಅವನನ್ನೇ ಕರೆಸಿ.”

ಶೈಲೇಶ್ ತಲೆ ತಗ್ಗಿಸಿದ.

“ಅವ ಸತ್ತ,” ಎಂದಳು ಮುದ್ದು.

“ಓ. ಹೌದಾ?”

“ಇದರ ಒಳಗೆ ಹೋಗಿಯೇ ಸತ್ತದ್ದು. ನನ್ನ ಗಂಡ.”

ರಾಯರು ಕರವಸ್ತ್ರವನ್ನು ಮೂಗಿನಿಂದ ತೆಗೆದರು. ವಾಸನೆ ಹೊಡೆಯಿತೇನೋ, ಮತ್ತೆ ಹಿಡಿದರು. “ನಮಗೆ ಯಾರೂ ಹೇಳಲಿಲ್ಲವಲ್ಲ,” ಎಂದರು. ಅದು ನಿಜವೇ ಆಗಿತ್ತು. ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

“ಒಡೀಲಿಕ್ಕೆ ಅರುವತ್ತನಾಲ್ಕು ಮನೆಯವರ ಒಪ್ಪಿಗೆ ಬೇಕು,” ಎಂದಳು ಮುದ್ದು. “ಅವನನ್ನು ಒಳಗೆ ಹಾಕುವಾಗ ನನ್ನ ಮನೆಯ ಒಪ್ಪಿಗೆ ಯಾರು ಕೇಳಿದ್ದು?”

ನಗರಪಾಲಿಕೆಯ ಜೂನಿಯರ್ ಎಂಜಿನಿಯರ್ ಶರೊನ್ ಸ್ಕೂಟರಿನಲ್ಲಿ ಬಂದಾಗ ಶೈಲೇಶ್ ಓಡಿ ಹೋಗಿ ದೂರು ಹೇಳಿದ. ಶರೊನ್‌ಗೆ ಇಪ್ಪತ್ತಾರು ವರ್ಷ. ಕೆಲಸ ಸೇರಿ ಒಂದು ಮಳೆಗಾಲವೂ ಆಗಿರಲಿಲ್ಲ. ಬೆಳಿಗ್ಗಿನಿಂದ ಹದಿನಾಲ್ಕು ಕಡೆ ಸುತ್ತಿ ಬಂದಿದ್ದಳು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಸ್ಲ್ಯಾಬಿನ ಬಾಯಿಯ ಬಳಿ ಬಗ್ಗಿ ಟಾರ್ಚು ಬಿಟ್ಟಳು. ಬೆಳಕು ನಾಲ್ಕು ಅಡಿ ಹೋಗಿ ಕೆಸರಿಗೆ ಬಡಿದು ನಿಂತಿತು.

“ಸ್ವಲ್ಪ ದೂರ ಆದ್ರೂ ಹೋಗಿ ಬಾಯಿ ಬಿಡಿಸ್ಲಿಕ್ಕೆ ಆಗುದಿಲ್ವಾ ಅಕ್ಕ?” ಎಂದಳು. “ಇದು ಬ್ಲಾಕ್ ಆದ್ರೆ ನೀರು ಕೆಳಗೆ ನಿಮ್ಮ ಕಾಲನಿಗೇ ಹೋಗುದು. ಮೇಲಿನ ಆಫೀಸರುಗಳು ನನ್ನನ್ನು ಬಿಡುದಿಲ್ಲ. ಐದು ಗಂಟೆಗೆ ರಿಪೋರ್ಟ್ ಕೊಡ್ಬೇಕು.”

ಅದುವರೆಗೆ ಎಲ್ಲರೂ ತುಳುವಿನಲ್ಲಿ ಮಾತಾಡುತ್ತಿದ್ದರು. ಮುದ್ದು ಕನ್ನಡಕ್ಕೆ ತಿರುಗಿದಳು. ಹಾಜರಿ ಪುಸ್ತಕ ಕನ್ನಡದಲ್ಲಿತ್ತು. ‘ರಜೆ’ ಎಂಬುದು ಕನ್ನಡದಲ್ಲಿತ್ತು. ಚನಿಯನ ಮರಣಪತ್ರ ಕನ್ನಡದಲ್ಲಿತ್ತು.

“ಬರೆದು ಕೊಡಿ ಮೇಡಂ,” ಎಂದಳು.

“ಎಂತ ಬರೀಬೇಕು?”

“ಮುದ್ದು ಎಂಬ ಹೆಂಗಸನ್ನು ಇವತ್ತು ಈ ಸ್ಲ್ಯಾಬಿನ ಅಡಿಗೆ ಹೋಗ್ಲಿಕ್ಕೆ ಹೇಳಿದ್ದೇನೆ ಅಂತ. ಕೆಳಗೆ ನಿಮ್ಮ ಸೈನ್ ಹಾಕಿ. ಶೈಲೇಶ್ ಕೂಡ ಹಾಕಲಿ. ರಾಯರೂ ಹಾಕಲಿ. ಕಾಗದ ನನ್ನ ಮಗಳ ಕೈಗೆ ಕೊಟ್ಟು ಬಂದು ಒಳಗೆ ಹೋಗ್ತೇನೆ.”

ಶೈಲೇಶ್ ಬೆಚ್ಚಿದ. ‘ಅಣ್ಣ’ ಬಿದ್ದುಹೋದದ್ದು ಅವನ ಕಿವಿಗೆ ತಾಗಿತ್ತು.

ಶರೊನ್ ಬ್ಯಾಗಿನಿಂದ ಪುಸ್ತಕ ತೆಗೆದಳು. ಪೆನ್ನು ತೆಗೆದಳು. ತಾರೀಕು ಬರೆದಳು. ಅಷ್ಟಕ್ಕೇ ಪೆನ್ನು ನಿಂತಿತು.

“ಹಾಗೆ ಬರೀಲಿಕ್ಕೆ ಆಗುದಿಲ್ಲ,” ಎಂದಳು ಸಣ್ಣ ದನಿಯಲ್ಲಿ.

“ಯಾಕೆ?”

“ಕಾನೂನು ಒಪ್ಪುದಿಲ್ಲ ಅಕ್ಕ. ಮನುಷ್ಯರನ್ನು ಇಂಥದ್ದಕ್ಕೆ ಇಳಿಸ್ಲಿಕ್ಕೆ ಇಲ್ಲ.”

“ಬರೀಲಿಕ್ಕೆ ಇಲ್ಲ. ಇಳಿಸ್ಲಿಕ್ಕೆ ಉಂಟು. ಹೌದಾ?”

ಶರೊನ್ ಪುಸ್ತಕ ಮುಚ್ಚಿದಳು. ಅವಳ ಮುಖ ಕೆಂಪಾಯಿತು. ಶೈಲೇಶ್ ಮಾತ್ರ ಬಿಡಲಿಲ್ಲ. “ಹೆಂಗಸಿನ ಹತ್ರ ಎಂತ ವಾದ ಮೇಡಂ. ಚೆನ್ನಪ್ಪ, ನೀನು ಇಳಿ. ನಿನ್ನ ಮಗನಿಗೆ ಕೆಲಸ ಬೇಕು ಅಂದಿದ್ದಿಯಲ್ಲ, ಜೂನ್‌ನಿಂದ ಸೇರಿಸ್ತೇನೆ.”

ಚೆನ್ನಪ್ಪ ಮುದ್ದುವಿನ ಪಕ್ಕದ ಮನೆಯವನು. ನಲವತ್ತು ದಾಟಿದ, ಮಾತು ಕಡಿಮೆಯ ಗಂಡಸು. ಚನಿಯನ ಹೆಣಕ್ಕೆ ಹೆಗಲು ಕೊಟ್ಟಿದ್ದವನು. ಅವನು ಕಪ್ಪು ಕೆಳಗಿಟ್ಟ. ಬಗ್ಗಿ ಹಗ್ಗಕ್ಕೆ ಕೈ ಹಾಕಿದ. ಮುದ್ದು ಕೆಸರು ಮೆತ್ತಿದ ಕಾಲನ್ನು ಎತ್ತಿ ಹಗ್ಗದ ಮೇಲೆ ಊರಿದಳು.

“ಮುದ್ದಕ್ಕ, ಬಿಡು. ನೀರು ನಮ್ಮ ಮನೆಗೇ ಬರುದು.”

“ಬರ್ಲಿ. ನೀರು ಬಂದರೆ ಬಕೆಟಿನಲ್ಲಿ ಹೊರಗೆ ಹಾಕುವ. ನೀನು ಹೋದರೆ ನಿನ್ನ ಹೆಂಡತಿ ಎಂತ ಹಾಕುದು ಹೊರಗೆ? ಪುಸ್ತಕದಲ್ಲಿ ನಿನಗೂ ರಜೆ ಬರೀತಾರೆ ಚೆನ್ನಪ್ಪ. ನಾನು ನನ್ನ ಕಣ್ಣಲ್ಲಿ ಓದಿದ್ದೇನೆ.”

ಚೆನ್ನಪ್ಪ ಹಗ್ಗ ಬಿಟ್ಟ. ಎದ್ದು ಹೋಗಿ ಸ್ಲ್ಯಾಬಿನ ಅಂಚಿನಲ್ಲಿ, ಕೆಂಪು ಇಂಟರ್‌ಲಾಕಿನ ಮೇಲೆ, ಎರಡು ಕಾರುಗಳ ನಡುವೆ ಕೂತ. ಮುದ್ದು ಹೋಗಿ ಪಕ್ಕದಲ್ಲಿ ಕೂತಳು. ಒಬ್ಬೊಬ್ಬರಾಗಿ ಉಳಿದ ಆರು ಜನವೂ ಬಂದು ಕೂತರು. ಹೊಲಸು ಸೋರಿ ಇಂಟರ್‌ಲಾಕಿನ ಸಂದುಗಳಲ್ಲಿ ಹರಿಯಿತು.

“ಇಲ್ಲಿ ಕೂರ್ಬಾರದು,” ಎಂದು ವಾಚ್‌ಮ್ಯಾನ್ ಹೇಳಿದ. ಯಾರೂ ಏಳಲಿಲ್ಲ.

ಶೈಲೇಶ್ ಬೈದ. ಕಾಲನಿಯ ಬುದ್ಧಿ ಎಂದ. ತಲೆ ಮೇಲೆ ಕೂರಿಸಿದ್ದು ತಪ್ಪಾಯಿತು ಎಂದ. ಬೇರೆ ಕಡೆಯಿಂದ ಜನ ತರಿಸುತ್ತೇನೆ ಎಂದು ನಾಲ್ಕು ಫೋನು ಮಾಡಿದ. ಸೈಕ್ಲೋನಿನ ಹಿಂದಿನ ದಿನ ಯಾರೂ ಸಿಗಲಿಲ್ಲ. ರಾಯರು ಒಳಗೆ ಹೋದರು. ಶರೊನ್ ಆಚೆ ಈಚೆ ನಡೆಯುತ್ತ ಫೋನಿನಲ್ಲಿ “ಹೌದು ಸರ್, ಇಲ್ಲ ಸರ್” ಎನ್ನುತ್ತಿದ್ದಳು.

ನಾಳೆ ಬರಬೇಕಾದ ಮಳೆ ಇವತ್ತೇ ಎರಡು ಗಂಟೆಗೆ ಬಂತು.

ಮೊದಲು ಗಾಳಿ ಬಂತು. ಅಪಾರ್ಟ್‌ಮೆಂಟಿನ ಯಾವುದೋ ಮಾಳಿಗೆಯಿಂದ ಒಂದು ಹೂಕುಂಡ ಹಾರಿ ಬಿದ್ದು ರಸ್ತೆಯಲ್ಲಿ ಚೂರಾಯಿತು. ಆಮೇಲೆ ಮಳೆ. ಎದುರು ನಿಂತವರ ಮುಖ ಕಾಣದಂಥ ಮಳೆ. ಎಂಟು ಜನ ಕೂತಲ್ಲೇ ನೆನೆದರು. ಬಿಡಿಸಿದ ತೋಡಿನಲ್ಲಿ ನೀರು ನುಗ್ಗಿ ಬಂದು ಸ್ಲ್ಯಾಬಿನ ಬಾಯಿಗೆ ಬಡಿಯಿತು. ಒಳಗೆ ಹೋಗಲು ಜಾಗವಿಲ್ಲದೆ ತಿರುಗಿತು. ಅರ್ಧ ಗಂಟೆಯಲ್ಲಿ ರಸ್ತೆಗೆ ಹಾರಿತು. ಒಂದು ಕವಲು ಇಳಿಜಾರು ಹಿಡಿದು ಕಾಲನಿಯ ಕಡೆ ಓಡಿತು. ಮುದ್ದು ಅದನ್ನು ನೋಡಿದಳು. ಫೋನು ತೆಗೆದು ಮಗಳಿಗೆ ಮಾಡಿದಳು.

“ಬಂತಾ?”

“ಹೊಸ್ತಿಲಿಗೆ ಬಂದಿದೆ ಅಮ್ಮ. ನೀನು ಒಳಗೆ ಹೋಗ್ಲಿಲ್ಲ ಅಲ್ವಾ?”

“ಇಲ್ಲ.”

“ಹೋಗ್ಬೇಡ. ಇಲ್ಲಿ ನಾವು ನೋಡಿಕೊಳ್ತೇವೆ.”

ನೀರಿನ ಇನ್ನೊಂದು ಕವಲು ಈ ಸಲ ಬೇರೆ ದಾರಿ ಹಿಡಿಯಿತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ರ‍್ಯಾಂಪಿನಿಂದ ಒಳಗೆ ಸುರಿಯತೊಡಗಿತು. ನೀರಿನ ಪಂಪು ಕೆಳಗಿತ್ತು. ಜನರೇಟರು ಕೆಳಗಿತ್ತು. ಮೂರು ದಿನದ ಡೀಸೆಲ್ ಕೆಳಗಿತ್ತು. ಗೇಟಿನ ಪಕ್ಕದ ಟ್ರಾನ್ಸ್‌ಫಾರ್ಮರಿನ ಕಟ್ಟೆಗೂ ನೀರು ಏರುತ್ತಿತ್ತು. ಲೈನ್‌ಮ್ಯಾನ್ ಒಬ್ಬ ಬಂದು ನೋಡಿ, “ಇನ್ನು ಒಂದು ಗೇಣು ಏರಿದರೆ ಇಡೀ ಲೈನ್ ಆಫ್ ಮಾಡ್ಬೇಕು. ಮತ್ತೆ ಕರೆಂಟ್ ಯಾವಾಗ ಅಂತ ನನಗೆ ಗೊತ್ತಿಲ್ಲ,” ಎಂದು ಕೂಗಿ ಹೇಳಿದ.

ರಾಯರು ಪಂಚೆ ಮೊಣಕಾಲಿಗೆ ಎತ್ತಿ ಓಡಿ ಬಂದರು. ಅವರ ಹಿಂದೆ ಏಳೆಂಟು ಜನ. ಈಗ ಯಾರ ಮೂಗಿಗೂ ಕರವಸ್ತ್ರ ಇರಲಿಲ್ಲ.

“ಎಂತಾದರೂ ಮಾಡಿ ಮಾರಾಯ್ರೆ!” ಎಂದು ಶೈಲೇಶನಿಗೆ ಹೇಳಿದರು. ಶೈಲೇಶ್ ಮುದ್ದುವನ್ನು ನೋಡಿದ. ಮುದ್ದು ಕೂತಲ್ಲಿಂದ ಅಲುಗಲಿಲ್ಲ.

ಶರೊನ್ ಮಳೆಯಲ್ಲೇ ನಿಂತು ಮತ್ತೊಮ್ಮೆ ಮೇಲಿನವರಿಗೆ ಫೋನು ಮಾಡಿದಳು. ಆ ಕಡೆಯ ಬೈಗುಳ ಮಳೆಯ ಸದ್ದಿನಲ್ಲೂ ಕೇಳುತ್ತಿತ್ತು. ಅವಳು ಫೋನು ಕಟ್ ಮಾಡಿ ಜೇಬಿಗೆ ಹಾಕಿಕೊಂಡಳು. ಮುದ್ದುವಿನ ಎದುರು ಬಂದು ನಿಂತಳು.

“ಒಡೆಯುವ ಅಕ್ಕ.”

“ಬರೆದು ಕೊಡಿ,” ಎಂದಳು ಮುದ್ದು.

ಶರೊನ್ ರಾಯರ ಕೈಯಿಂದ ಕೊಡೆ ತೆಗೆದುಕೊಂಡು ಅದರಡಿ ಪುಸ್ತಕ ಬಿಡಿಸಿದಳು. ಬರೆದಳು. ತುರ್ತು ಕಾರಣದಿಂದ ತೋಡಿನ ಮೇಲಿನ ಸ್ಲ್ಯಾಬ್ ಪೂರ್ತಿ ಒಡೆಯಲು ಹೇಳಿದ್ದೇನೆ. ಕೆಲಸಗಾರರನ್ನು ಅಡಿಗೆ ಇಳಿಸತಕ್ಕದ್ದಲ್ಲ. ಸಹಿ ಹಾಕಿದಳು. ಶಾಯಿ ಸ್ವಲ್ಪ ಹರಡಿತು. ಮುದ್ದು ಹಾಳೆ ತೆಗೆದುಕೊಂಡು ಒಂದೊಂದೇ ಅಕ್ಷರ ಓದಿದಳು. ಮಳೆ ಸುರಿಯುತ್ತಿತ್ತು, ನೀರು ರ‍್ಯಾಂಪಿನಲ್ಲಿ ಇಳಿಯುತ್ತಿತ್ತು, ಎಲ್ಲರೂ ಕಾಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಓದಿ ಮುಗಿಸಿ, ಮಡಿಸಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ರವಿಕೆಯೊಳಗೆ ಇಟ್ಟಳು. ಎದ್ದಳು. ಅವಳ ಜೊತೆ ಏಳೂ ಜನ ಎದ್ದರು.

ಕಾರುಗಳು ಹೊರಟವು. ಜೆಸಿಬಿಯವನು ಬಕೆಟ್ಟಿನ ಹಲ್ಲನ್ನು ಎತ್ತಿ ಸ್ಲ್ಯಾಬಿನ ಅಂಚಿಗೆ ಹೊಡೆದ. ಇಂಟರ್‌ಲಾಕು ಹಾರಿತು. ಕಾಂಕ್ರೀಟು ಎರಡನೆಯ ಹೊಡೆತಕ್ಕೆ ಬಿರಿಯಿತು. ಟ್ರಾನ್ಸ್‌ಫಾರ್ಮರಿನ ಬಳಿಯ ಎಂಟು ಅಡಿಗೆ ಜೆಸಿಬಿ ಹೋಗುವಂತಿರಲಿಲ್ಲ. ಅಲ್ಲಿ ಮುದ್ದು ಪಿಕ್ಕಾಸು ಹಿಡಿದಳು. ಚೆನ್ನಪ್ಪ ದೊಡ್ಡ ಸುತ್ತಿಗೆ ಹಿಡಿದ. ಇಪ್ಪತ್ತೆರಡು ವರ್ಷ ಊರಿನ ಹೊಲಸು ಎತ್ತಿದ ತೋಳು ಮೊದಲ ಸಲ ಒಂದು ವಸ್ತುವನ್ನು ಒಡೆಯಿತು. ಹೊಡೆತ ಹೊಡೆತಕ್ಕೆ ಭುಜದಿಂದ ಬೆನ್ನಿನವರೆಗೆ ನೋವು ಹರಿಯಿತು. ಅವಳಿಗೆ ನಿಲ್ಲಿಸಬೇಕೆನ್ನಿಸಲಿಲ್ಲ. ಯಾರೋ “ಸಾಕು” ಎಂದರು. ಅವಳಿಗೆ ಸಾಕಾಗಿರಲಿಲ್ಲ.

ಕೊನೆಯ ತುಂಡು ಎತ್ತಿದಾಗ ಅಡಿಯಲ್ಲಿ ಕೂತಿದ್ದ ಕತ್ತಲೆಯ ಮೇಲೆ ಮಳೆ ಬಿತ್ತು. ಮುದ್ದು ನೋಡಿದಳು. ಅವತ್ತು ಇಲ್ಲಿ ಉಳಿದಿದ್ದದ್ದು ಒಂದೂವರೆ ಅಡಿ. ಇಷ್ಟೇ. ತುಕ್ಕು ಹಿಡಿದ ಸರಳುಗಳು ಮುರಿದ ಕಾಂಕ್ರೀಟಿನಿಂದ ಕೆಳಮುಖವಾಗಿ ಚಾಚಿದ್ದವು. ಇದರಲ್ಲಿ ಒಬ್ಬ ಮನುಷ್ಯ ಎರಡು ಗಂಟೆ ಇದ್ದ. ಇದರೊಳಗಿಂದ “ಓ” ಎಂದಿದ್ದ. ಅವಳು ಪಿಕ್ಕಾಸು ಊರಿ ನಿಂತು ಅತ್ತಳು. ಮೂರು ವರ್ಷದಲ್ಲಿ ಆಫೀಸಿನಲ್ಲಾಗಲೀ ಉತ್ತರಕ್ರಿಯೆಯ ಬೊಜ್ಜದ ದಿನವಾಗಲೀ ಅತ್ತಿರಲಿಲ್ಲ. ಮಳೆಯಲ್ಲಿ ಅಳು ಯಾರಿಗೂ ಕಾಣಲಿಲ್ಲ. ಕಂಡರೂ ಅವಳಿಗೆ ನಾಚಿಕೆಯಿರಲಿಲ್ಲ.

ಜೆಸಿಬಿ ಹೂಳು ಎತ್ತಿತು. ಹತ್ತು ಬಕೆಟ್, ಇಪ್ಪತ್ತು ಬಕೆಟ್. ನೀರು ಒಮ್ಮೆ ತಡೆದು ನಿಂತು, ಆಮೇಲೆ ಗೋಡೆ ಕುಸಿದ ಸದ್ದಿನೊಂದಿಗೆ ತೋಡಿನೊಳಗೆ ಧುಮುಕಿತು. ರಸ್ತೆಯ ನೀರು ಇಳಿಯಿತು. ರ‍್ಯಾಂಪು ಕಂಡಿತು. ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗಲಿಲ್ಲ. ಸಂಜೆ ಭವ್ಯಶ್ರೀ ಫೋನು ಮಾಡಿದಳು. ಕಾಲನಿಯಲ್ಲಿ ನೀರು ಒಳಗೆ ಒಂದು ಗೇಣು ನಿಂತಿತ್ತು, ಇಳಿಯಿತು, ಈಗ ಎಲ್ಲ ಸೇರಿ ಕೆಸರು ಗುಡಿಸುತ್ತಿದ್ದಾರೆ, ಹಾಸಿಗೆ ಒಂದು ಹಾಳಾಯಿತು ಎಂದಳು.

ರಾಯರು ಮುದ್ದುವಿನ ಬಳಿ ಬಂದು, “ಒಳ್ಳೆಯದಾಯಿತಮ್ಮ,” ಎಂದರು. ಒಡೆದ ಇಂಟರ್‌ಲಾಕುಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಮುದ್ದು ಪಿಕ್ಕಾಸು ಹೆಗಲಿಗೇರಿಸಿ ಟೆಂಪೋದ ಕಡೆ ನಡೆದಳು. ಅವರ ಒಳ್ಳೆಯದಕ್ಕೆ ಅವಳು ಇದನ್ನು ಮಾಡಿರಲಿಲ್ಲ.

ಟೆಂಪೋ ಹತ್ತುವಾಗ ಶೈಲೇಶ್ ಅವಳನ್ನು ತಡೆದ. “ನೀನು ನಾಳೆಯಿಂದ ಬರುದು ಬೇಡ. ನಿನ್ನ ಹೆಸರು ತೆಗೆದಿದ್ದೇನೆ,” ಎಂದ.

ಮರುದಿನ ಬೆಳಿಗ್ಗೆ ಆರೂವರೆಗೆ ಮುದ್ದು ಹಾಜರಿ ಕೂಗುವ ಜಾಗಕ್ಕೆ ಹೋದಳು. ಗಾಳಿ ಊಳಿಡುತ್ತಿತ್ತು. ಅವಳು ಎಲ್ಲರ ಜೊತೆ ಸಾಲಿನಲ್ಲಿ ನಿಂತಳು. ಶೈಲೇಶ್ ಅವಳನ್ನು ಕಾಣದವನಂತೆ ಪುಸ್ತಕ ತೆರೆದ.

“ಚೆನ್ನಪ್ಪ.”

ಚೆನ್ನಪ್ಪ ಎದುರ್ಗಡೆಯೇ ಇದ್ದ. ಮಾತಾಡಲಿಲ್ಲ.

“ಚೆನ್ನಪ್ಪ! ಕಿವಿ ಕೇಳುದಿಲ್ವಾ?”

“ಮುದ್ದಕ್ಕನ ಹೆಸರು ಕೂಗು. ಮತ್ತೆ ನನ್ನದು,” ಎಂದ ಚೆನ್ನಪ್ಪ.

ಶೈಲೇಶ್ ಮುಂದಿನ ಹೆಸರು ಕೂಗಿದ. ಉತ್ತರ ಬರಲಿಲ್ಲ. ಅದರ ಮುಂದಿನದು. ಇಲ್ಲ. ಏಳು ಹೆಸರು ಕೂಗಿದ. ಏಳು ಜನ ಎದುರಿಗೇ ನಿಂತು ಅವನನ್ನು ನೋಡಿದರು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಬಿಜೈಯಲ್ಲಿ ನೀರು ಏರಿದೆ, ಜನ ಎಲ್ಲಿ, ಎಂದು ಆಫೀಸಿನವರು ಕೇಳುತ್ತಿದ್ದರು. ಅವನು ಪೆನ್ನು ತೆಗೆದ. ಪುಸ್ತಕದ ಕೊನೆಯ ಸಾಲಿನಲ್ಲಿ ಬರೆದ. ಮುದ್ದು ಹತ್ತಿರ ಹೋಗಿ ಬಗ್ಗಿ ನೋಡಿದಳು. ತನ್ನ ಹೆಸರು ಸರಿಯಾಗಿ ಬರೆದಿದ್ದಾನೆಂದು ಖಾತ್ರಿಯಾದ ಮೇಲೆ ಸಹಿ ಹಾಕಿದಳು.

“ಗೋಣಿ ಎಲ್ಲಿ?” ಎಂದು ಕೇಳಿದಳು.

“ಯಾವ ಗೋಣಿ?”

“ಬೂಟಿದ್ದು.”

ಎಂಟು ಜನ ಬೂಟು ಹಾಕಿಕೊಂಡೇ ಟೆಂಪೋ ಹತ್ತಿದರು. ಬಿಜೈಯ ಒಂದು ಅಡ್ಡರಸ್ತೆಯಲ್ಲಿ ಟೆಂಪೋ ನಿಂತಿತು. ಅಲ್ಲೂ ತೋಡು. ತೋಡಿನ ಮೇಲೆ ಎರಡು ಮಾಳಿಗೆಯ ಮನೆಯೊಂದರ ಅಂಗಳ. ಅಂಗಳದಲ್ಲಿ ದೊಡ್ಡ ಬಿಳಿ ಕಾರು. ಅಂಗಳದ ಅಡಿಗೆ ದಾರಿ ಸಿಗದೆ ನೀರು ರಸ್ತೆಯಲ್ಲಿ ಸುತ್ತುತ್ತಿತ್ತು. ಜೆಸಿಬಿ ಹಿಂದಿನಿಂದ ಬಂದು ಕೈ ಎತ್ತಿ ನಿಂತಿತು.

ಮನೆಯ ಯಜಮಾನ ಕೊಡೆ ಹಿಡಿದು ಗೇಟಿಗೆ ಓಡಿ ಬಂದ. “ಏಯ್, ಎಂತ ಇದು? ಒಡೀಲಿಕ್ಕೆ ಯಾರು ಹೇಳಿದ್ದು?”

ಶೈಲೇಶ್ ಫೋನು ನೋಡತೊಡಗಿದ. ಜೆಸಿಬಿಯವನು ಎತ್ತಲೋ ನೋಡಿದ. ಯಜಮಾನನ ಕಣ್ಣು ಎಲ್ಲರ ಮೇಲೂ ಹರಿದು, ಕೆಸರು ಬೂಟಿನ ಒಬ್ಬ ತೆಳ್ಳಗಿನ ಹೆಂಗಸನ್ನು ದಾಟಿ ಮುಂದೆ ಹೋಯಿತು.

“ನಾನು,” ಎಂದಳು ಮುದ್ದು. “ಕಾರು ತೆಗೀರಿ.”